ಮೂರು ಸಲ ಜರ್ಮನಿ, ಒಂದೇ ಧಾರವಾಡದ ನಂಬರ್: ಸಿಗ್ನಲ್ ಆ್ಯಪ್ ಮತ್ತು ಸಿಮ್‌ಗಳ ಮೂರು ವರ್ಷದ ಲೆಕ್ಕ

ನಾನು ಫೋನಿನ ಪಂಡಿತೆ ಅಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾಗಿ ಧಾರವಾಡದ ಸಪ್ತಾಪುರದಲ್ಲಿ ಮನೆ ಮಾಡಿಕೊಂಡಿರುವವಳು. ಲೆಕ್ಕ ಬರೆದಿಡುವ ಚಟ ಮಾತ್ರ ಬಿಟ್ಟಿಲ್ಲ. 2022ರಿಂದ ಈಚೆಗೆ ಮೂರು ಸಲ ಜರ್ಮನಿಯ ಫ್ರೈಬುರ್ಗ್‌ನಲ್ಲಿರುವ ಮಗಳ ಮನೆಗೆ ಹೋಗಿಬಂದೆ. ಫೋನಿಗೆ ಎಷ್ಟು ಹೋಯಿತು, ಯಾವುದು ನಡೆಯಿತು, ಯಾವುದು ಕೈಕೊಟ್ಟಿತು ಎಂಬುದೆಲ್ಲ ಹಾಲಿನ ಲೆಕ್ಕದ ಡೈರಿಯ ಹಿಂಬದಿಯಲ್ಲಿದೆ. ಮಕ್ಕಳ ಬಾಣಂತನಕ್ಕೆ ಹೊರಟ ನಮ್ಮ ಕಡೆಯ ಅವ್ವಂದಿರು ಮೇಲಿಂದ ಮೇಲೆ ಕೇಳುವುದು ಇದನ್ನೇ, ಅದಕ್ಕೇ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದಲ್ಲಿ ನಮ್ಮ ಅಣ್ಣ ಮಸ್ಕತ್‌ನಲ್ಲಿದ್ದ. ಅವನಿಗೆ ಫೋನ್ ಮಾಡಬೇಕೆಂದರೆ ಲೈನ್ ಬಜಾರದ ಎಸ್‌ಟಿಡಿ ಬೂತಿಗೆ ಹೋಗಬೇಕು. ಗಾಜಿನ ಗೂಡಿನಲ್ಲಿ ನಿಂತರೆ ಎದುರಿಗೆ ಕೆಂಪು ಅಂಕಿ ಓಡುತ್ತಿತ್ತು. ಅದನ್ನು ನೋಡುತ್ತ ಮಾತಾಡಿದರೆ ಅರ್ಧ ಮಾತು ಗಂಟಲಲ್ಲೇ ಉಳಿಯುತ್ತಿತ್ತು. ಉಳಿದರ್ಧ ಬೂತಿನವನಿಗೆ ಕೇಳುತ್ತಿತ್ತು. ಯಾರ ಹೊಲ ಮಾರಾಟಕ್ಕಿದೆ, ಯಾರಿಗೆ ಗಂಡು ಗೊತ್ತಾಯಿತು, ಎಲ್ಲ ಅವನಿಗೆ ಬಾಯಿಪಾಠ. ಅಗ್ಗವೂ ಇರಲಿಲ್ಲ, ಗುಟ್ಟೂ ಇರಲಿಲ್ಲ.

ಮೊದಲ ಸಲ, 2022ರ ನವೆಂಬರಿನಲ್ಲಿ, ಇಲ್ಲಿನ ನಂಬರಿಗೇ ಅಂತಾರಾಷ್ಟ್ರೀಯ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡು ಹೋದೆ. ತಿಂಗಳಿಗೆ ಹತ್ತಿರ ಹತ್ತಿರ ₹3,000. ಮೂರು ತಿಂಗಳಿಗೆ ₹9,000 ಆಯಿತು ಅನ್ನುವಷ್ಟರಲ್ಲಿ ಎರಡನೇ ಪ್ಯಾಕ್ ಮುಗಿದು ಮೂರನೆಯದು ಹಾಕಿಸುವ ನಡುವೆ ಅರ್ಧ ದಿನ ಖಾಲಿ ಬಿತ್ತು. ಆ ಅರ್ಧ ದಿನ ಫೋನ್ ಚೀಲದಲ್ಲೇ ಇತ್ತು, ನಾನು ಮುಟ್ಟಿರಲಿಲ್ಲ. ಒಳಗೊಳಗೇ ಆ್ಯಪ್‌ಗಳು ತಮ್ಮಷ್ಟಕ್ಕೆ ತಾವು ಅಪ್‌ಡೇಟ್ ಆಗಿದ್ದಕ್ಕೆ ಬಿಲ್ಲಿನಲ್ಲಿ ₹1,100 ಹೆಚ್ಚಿಗೆ ಬಂತು. ಕಂಪನಿಯ ಹೆಸರು ಬರೆಯುವುದಿಲ್ಲ. ಗ್ರಾಹಕ ಸೇವೆಗೆ ನಾಲ್ಕು ಸಲ ಫೋನ್ ಮಾಡಿದೆ, ನಾಲ್ಕು ಸಲವೂ ಬೇರೆ ಬೇರೆಯವರು ಒಂದೇ ಉತ್ತರ ಓದಿದರು. ಊರಿಗೆ ಬಂದ ಮೇಲೆ ಮಾಡಿದ ಮೊದಲ ಕೆಲಸ, ಪೋಸ್ಟ್‌ಪೇಡ್ ಬಿಟ್ಟು ಪ್ರೀಪೇಡ್ ಮಾಡಿಸಿದ್ದು.

ವಾಟ್ಸಾಪ್‌ನ ಹಾಗೇ ಸಂದೇಶಕ್ಕೂ ಕರೆಗೂ ಆಗುವ ಸಿಗ್ನಲ್ ಆ್ಯಪ್ ಹಾಕಿಕೊಟ್ಟವಳು ಮಗಳು. ವಾಟ್ಸಾಪ್ ಇರುವಾಗ ಇನ್ನೊಂದು ಯಾಕೆ ಎಂದು ನಾನೂ ಕೇಳಿದೆ. ನಡುವಿನವರು ಯಾರೂ ಓದದ ಹಾಗೆ ಮಾತನ್ನು ಗೂಢಲಿಪಿ ಮಾಡುವ ತಂತ್ರ ಎರಡಕ್ಕೂ ಒಂದೇ. ಸಿಗ್ನಲ್‌ನವರದನ್ನೇ 2016ರಲ್ಲಿ ವಾಟ್ಸಾಪ್ ಪೂರ್ತಿಯಾಗಿ ಅಳವಡಿಸಿಕೊಂಡಿತು. ವ್ಯತ್ಯಾಸ ಇರುವುದು ಮಾತಿನ ಸುತ್ತಲಿನ ವಿವರದಲ್ಲಿ: ಯಾರು ಯಾರಿಗೆ, ಯಾವಾಗ, ಎಷ್ಟು ಸಲ. ಸಿಗ್ನಲ್ ನಡೆಸುವುದು ಲಾಭಕ್ಕಲ್ಲದ ಒಂದು ಸಂಸ್ಥೆ, 2018ರಲ್ಲಿ ಶುರುವಾದದ್ದು. ಅದಕ್ಕೆ ಬಂಡವಾಳ ಹಾಕಿದವರಲ್ಲಿ ವಾಟ್ಸಾಪ್ ಕಟ್ಟಿದ ಬ್ರಯಾನ್ ಆಕ್ಟನ್ ಅವರೇ ಇದ್ದಾರೆ. 2016ರಲ್ಲಿ ಅಮೆರಿಕದ ತನಿಖೆಯೊಂದರಲ್ಲಿ ಒಬ್ಬ ಬಳಕೆದಾರರ ಮಾಹಿತಿ ಕೊಡಿ ಎಂದು ಆದೇಶ ಬಂದಾಗ ಸಿಗ್ನಲ್‌ನವರ ಹತ್ತಿರ ಕೊಡಲು ಇದ್ದದ್ದು ಎರಡೇ ಸಂಗತಿ: ಖಾತೆ ತೆರೆದ ದಿನ, ಕೊನೆಗೆ ಸಂಪರ್ಕಕ್ಕೆ ಬಂದ ದಿನ. ಬೂತಿನವನ ಕಿವಿ ನೆನಪಿದ್ದ ನನಗೆ ಈ ಮಾತು ಹಿಡಿಸಿತು.

ಇನ್ನೂ ದೊಡ್ಡ ಕಾರಣ ಬೇರೆ. ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಅರವತ್ತು ಚಿಲ್ಲರೆ ಜನ ಇದ್ದಾರೆ. ಕೈ ತಪ್ಪಿ ಒಂದು ಫೋಟೊ ಅಲ್ಲಿಗೆ ಹೋದರೆ ಸಂಜೆಯೊಳಗೆ ನವಲಗುಂದಕ್ಕೂ ಗದಗಕ್ಕೂ ಮುಟ್ಟಿರುತ್ತದೆ. ಸಿಗ್ನಲ್‌ನಲ್ಲಿ ನಾವು ಐದೇ ಮಂದಿ. ತಪ್ಪಿ ಹೋದರೂ ಮನೆಯೊಳಗೇ ಇರುತ್ತದೆ.

ಹೊಸಬರಿಗೆ ಒಂದು ಮಾತು. ಇದನ್ನು ಊರು ಬಿಡುವ ಮೊದಲೇ ಹಾಕಿಕೊಳ್ಳಿ. ಖಾತೆ ತೆರೆಯಲು ಫೋನ್ ನಂಬರ್ ಬೇಕು, ಅದಕ್ಕೆ ಒಟಿಪಿ ಬರಬೇಕು. ಮನೆಯಲ್ಲಿ ಉಳಿಯುವವರ ಫೋನಿನಲ್ಲೂ ಹಾಕಿ, ಪಕ್ಕದ ಕೋಣೆಯಲ್ಲಿ ಕೂತು ನಾಲ್ಕು ದಿನ ಮಾತಾಡಿ ರೂಢಿ ಮಾಡಿಸಿ. ವಿಮಾನ ಹತ್ತಿದ ಮೇಲೆ "ರೀ, ಆ ನೀಲಿ ಗುಂಡಿ ಒತ್ತರಿ" ಎಂದು ಹೇಳಲು ಯಾವ ಫೋನೂ ಇರುವುದಿಲ್ಲ.

ಕರೆಯ ಗುಣಮಟ್ಟಕ್ಕೆ ನನ್ನ ಕಡೆಯಿಂದ ಪೂರ್ತಿ ಅಂಕ. ಅರ್ಧ ತಾಸು ಬರೀ ಮಾತಾದರೆ ನನ್ನ ಫೋನಿನಲ್ಲಿ 20 ಎಂಬಿ ಆಸುಪಾಸು ತೋರಿಸುತ್ತದೆ. ವಿಡಿಯೊ ಆದರೆ ಅದರ ಹತ್ತು ಪಟ್ಟು. ಸೆಟ್ಟಿಂಗ್‌ನಲ್ಲಿ ಕರೆಗೆ ಕಡಿಮೆ ಡೇಟಾ ಬಳಸುವ ಆಯ್ಕೆ ಇದೆ, ಹೊರಗಡೆ ಅಡ್ಡಾಡುವಾಗ ಅದನ್ನು ಹಾಕಿಕೊಂಡರೆ ಸಾಕು.

2024ರ ಬೇಸಿಗೆಯ ಎರಡನೇ ಸಲ ಅಲ್ಲಿನ ಸೂಪರ್‌ಮಾರ್ಕೆಟ್‌ನಲ್ಲಿ ಸಿಗುವ ಪ್ರೀಪೇಡ್ ಸಿಮ್ ತಗೊಂಡೆ. ನಾಲ್ಕು ವಾರಕ್ಕೆ 10 ಯೂರೊ ಲೆಕ್ಕ, ಮೂರು ಸಲ ಹಾಕಿಸಿ ಸುಮಾರು ₹2,700. ಮೊದಲ ಸಲದ ಮೂರರಲ್ಲೊಂದು ಪಾಲೂ ಆಗಲಿಲ್ಲ. ಆದರೆ 2017ರಿಂದ ಜರ್ಮನಿಯಲ್ಲಿ ಗುರುತು ಖಾತ್ರಿ ಮಾಡದೆ ಸಿಮ್ ಚಾಲೂ ಮಾಡುವುದಿಲ್ಲ. ವಿಡಿಯೊ ಕಾಲಿನಲ್ಲಿ ಒಬ್ಬ ಹುಡುಗ ಬಂದ. ಪಾಸ್‌ಪೋರ್ಟ್ ಹಿಡಿಯಿರಿ, ಎಡಕ್ಕೆ ಓರೆ ಮಾಡಿ, ಬಲಕ್ಕೆ ಮಾಡಿ, ಇನ್ನಷ್ಟು ಬೆಳಕಿಗೆ ಬನ್ನಿ. ಇಪ್ಪತ್ತು ನಿಮಿಷ ನಾನು ಆರತಿ ಬೆಳಗಿದ ಹಾಗೆ ಪಾಸ್‌ಪೋರ್ಟ್ ತಿರುಗಿಸಿದೆ.

2017ರ ಜೂನ್‌ನಿಂದ ಐರೋಪ್ಯ ಒಕ್ಕೂಟದೊಳಗೆ ಒಂದು ದೇಶದ ಸಿಮ್ ಇನ್ನೊಂದು ದೇಶದಲ್ಲಿ ಹೆಚ್ಚಿನ ದುಡ್ಡಿಲ್ಲದೆ ನಡೆಯುತ್ತದೆ. ಇದನ್ನು ನಂಬಿ ಜುಲೈನಲ್ಲಿ ರೈನ್ ಜಲಪಾತ ನೋಡಲು ಹೋದೆವು. ಅದು ಶಾಫ್‌ಹೌಸನ್ ಊರಿನ ಹತ್ತಿರ, ಗಡಿಯಾಚೆ ಸ್ವಿಟ್ಜರ್ಲೆಂಡಿನಲ್ಲಿ. ಯಜಮಾನರಿಗೆ ತೋರಿಸಬೇಕು ಎಂದು ವಿಡಿಯೊ ಕಾಲ್ ಹಚ್ಚಿದೆ. "ಎತ್ತರ ಎಷ್ಟದ?" ಅಂದರು. ಇಪ್ಪತ್ಮೂರು ಮೀಟರ್ ಅಂದೆ. "ಏ, ನಮ್ಮ ಗೋಕಾಕ ಫಾಲ್ಸ್ ಐವತ್ತೆರಡು ಮೀಟರ್ ಅದ, ಇದೇನ ಹಚ್ಚೀ" ಅಂದರು. ಅಗಲ ನೋಡ್ರಿ, ನೂರಾ ಐವತ್ತು ಮೀಟರ್ ಎನ್ನುವುದರೊಳಗೆ ಕಾಲ್ ಸತ್ತಿತು. ಸ್ವಿಟ್ಜರ್ಲೆಂಡ್ ಒಕ್ಕೂಟದೊಳಗಿಲ್ಲ, ನನ್ನ ಪ್ಯಾಕಿನಲ್ಲೂ ಇರಲಿಲ್ಲ. ಸಿಮ್‌ನಲ್ಲಿದ್ದ ಯೂರೊ ಎಲ್ಲ ಆ ಮೂರು ನಿಮಿಷದಲ್ಲಿ ನೀರು ಪಾಲು. ಗಡಿ ಊರುಗಳಲ್ಲಿ ಅಡ್ಡಾಡುವವರು ಡೇಟಾ ರೋಮಿಂಗ್ ಬಂದ್ ಮಾಡಿಕೊಳ್ಳುವುದೇ ಮೇಲು.

2025ರ ಸೆಪ್ಟೆಂಬರಿನಲ್ಲಿ ಮೂರನೇ ಸಲ ಹೊರಟಾಗ ಹೊಸ ಫೋನ್ ಇತ್ತು. ಅದರಲ್ಲಿ ಇ-ಸಿಮ್ ಹಾಕಬಹುದು. ಕಾರ್ಡೇ ಇರುವುದಿಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಮುಗಿಯಿತು. ಕೋಡ್ ಬಂದದ್ದು ಅದೇ ಫೋನಿನ ಮೇಲ್‌ಗೆ. ಫೋನು ತನ್ನನ್ನು ತಾನೇ ಹೆಂಗ ಸ್ಕ್ಯಾನ್ ಮಾಡಬೇಕು? ಮನೆ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಐದು ರೂಪಾಯಿ ಕೊಟ್ಟು ಪ್ರಿಂಟ್ ತೆಗೆಸಿದೆ. ಮನೆಯ ವೈಫೈ ಇರುವಾಗಲೇ ಸಿಮ್ ಕೂರಿಸಿಕೊಂಡೆ. ಒಮ್ಮೆ ಕೂರಿಸಿದ್ದನ್ನು ಅಳಿಸಿದರೆ ಸಾಮಾನ್ಯವಾಗಿ ಅದೇ ಕೋಡ್ ಎರಡನೇ ಸಲ ನಡೆಯುವುದಿಲ್ಲ, ಆ ಕಡೆ ಬೆರಳು ಹೋಗದ ಹಾಗೆ ನೋಡಿಕೊಳ್ಳಿ. ಮೂರು ತಿಂಗಳಿಗೆ ಒಟ್ಟು ₹3,200 ಹೋಯಿತು. ಸೂಪರ್‌ಮಾರ್ಕೆಟ್ ಸಿಮ್‌ಗಿಂತ ತುಸು ತುಟ್ಟಿ, ಆದರೆ ಪಾಸ್‌ಪೋರ್ಟ್ ಆರತಿ ತಪ್ಪಿತು.

ಇದರದೊಂದು ವಿಚಿತ್ರ ಉಂಟು. ನಾನು ಕೂತದ್ದು ಫ್ರೈಬುರ್ಗ್‌ನ ಟ್ರಾಮಿನಲ್ಲಿ, ಫೋನಿನಲ್ಲಿ ಬರುವ ಜಾಹೀರಾತು ಪೋಲೆಂಡಿನವು. ಇಂಥ ಪ್ರವಾಸಿ ಇ-ಸಿಮ್‌ಗಳ ಡೇಟಾ ಮೂರನೇ ದೇಶವೊಂದನ್ನು ಸುತ್ತಿ ಹೊರಗೆ ಬರುವುದುಂಟು ಎಂದು ಅಳಿಯ ಹೇಳಿದ. ಸಿಗ್ನಲ್ ಮಾತಿಗೆ ಇದರಿಂದ ತೊಂದರೆ ಇಲ್ಲ, ಬೀಗ ಹಾಕಿದ ಪೆಟ್ಟಿಗೆ ಯಾವ ರಸ್ತೆಯಲ್ಲಿ ಹೋದರೇನು. ಬ್ಯಾಂಕಿನ ಆ್ಯಪ್ ಮಾತ್ರ ಎರಡು ಸಲ ಮುನಿಸಿಕೊಂಡಿತು. ಆ ಕೆಲಸ ಮಗಳ ಮನೆಯ ವೈಫೈನಲ್ಲಿ ಮಾಡಿದೆ.

ದಾರಿಯಲ್ಲಿ ದುಬೈಯಲ್ಲಿ ಅಕ್ಕನ ಮಗನ ಮನೆಯಲ್ಲಿ ನಾಲ್ಕು ದಿನ ಇದ್ದೆ. ಅಲ್ಲಿನ ನೆಟ್ವರ್ಕಿನಲ್ಲಿ ವಾಟ್ಸಾಪ್, ಸಿಗ್ನಲ್ ಎರಡರ ಕರೆಗೂ ತಡೆ ಇದೆ, ಬರಹಕ್ಕೂ ಧ್ವನಿ ಸಂದೇಶಕ್ಕೂ ಇಲ್ಲ. ವಿಪಿಎನ್ (ನಾವು ಯಾವ ದೇಶದಿಂದ ನೆಟ್ ಬಳಸುತ್ತಿದ್ದೇವೆ ಎಂಬುದನ್ನು ಮರೆಮಾಚುವ ಆ್ಯಪ್) ಹಾಕ್ಕೋರಿ ಎನ್ನುವ ಶಾಣ್ಯಾರು ಸಿಗುತ್ತಾರೆ. ಕಾನೂನು ತಪ್ಪಿಸಲು ಅದನ್ನು ಬಳಸಿದರೆ ಅಲ್ಲಿ ಲಕ್ಷಗಟ್ಟಲೆ ದಿರ್ಹಮ್ ದಂಡ. ನಾಲ್ಕು ದಿನ ಧ್ವನಿ ಸಂದೇಶದಲ್ಲೇ ಸಂಸಾರ ನಡೆಸಿದೆವು.

ಈಗ ಇಲ್ಲಿನ ನಂಬರಿನ ವಿಷಯ. ಅದನ್ನು ಫೋನಿನಿಂದ ತೆಗೆಯಲೇಬೇಡಿ. ಪಿಂಚಣಿ ಖಾತೆ, ಗ್ಯಾಸು, ಕರೆಂಟ್ ಬಿಲ್ಲು, ಎಲ್ಲದರ ಒಟಿಪಿ ಬರುವುದು ಅದಕ್ಕೇ. ಹೊರಡುವ ಮೊದಲು ರೋಮಿಂಗ್ ಚಾಲೂ ಮಾಡಿಸಿ, ಆ ಸಿಮ್‌ನ ಡೇಟಾ ಮಾತ್ರ ಬಂದ್ ಮಾಡಿಟ್ಟೆ. ಒಟಿಪಿಗಳು ಪುಕ್ಕಟೆ ಬಂದವು. 90 ದಿನ ಯಾವ ಬಳಕೆಯೂ ಇಲ್ಲದ ಪ್ರೀಪೇಡ್ ನಂಬರನ್ನು ಕಂಪನಿ ಮುಚ್ಚಬಹುದು ಎಂಬುದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮ. ನಮ್ಮ ವೀಸಾದ ಮಿತಿಯೂ 90 ದಿನವೇ, ಹಾಗಾಗಿ ಕಣ್ಣು ತಪ್ಪಿಸುವ ಹಾಗಿಲ್ಲ. ಮೇಲಾಗಿ 2025ರ ನವೆಂಬರಿನಲ್ಲಿ ದೂರಸಂಪರ್ಕ ಇಲಾಖೆ, ನೋಂದಾಯಿಸಿದ ಸಿಮ್ ಫೋನಿನಲ್ಲಿದ್ದರೆ ಮಾತ್ರ ಇಂಥ ಆ್ಯಪ್‌ಗಳು ನಡೆಯಬೇಕು ಎಂದು ನಿರ್ದೇಶನ ಹೊರಡಿಸಿತು. ಸಿಮ್ ಡಬ್ಬಿಯಲ್ಲಿಟ್ಟು ಹೋಗುವ ಕಾಲ ಮುಗಿಯಿತು ಎಂದೇ ತಿಳಿಯಿರಿ.

ಆ ನಂಬರಿಗೆ ಬರುವ ಕರೆ ಮಾತ್ರ ಎತ್ತಬೇಡಿ, ಪ್ಯಾಕ್ ಇಲ್ಲದಿದ್ದರೆ ಎತ್ತಿದವರಿಗೇ ನಿಮಿಷದ ಲೆಕ್ಕದಲ್ಲಿ ಬೀಳುತ್ತದೆ. ನಮ್ಮಲ್ಲಿ ಒಂದು ಒಪ್ಪಂದ ಆಗಿದೆ. ಯಜಮಾನರು ಮಿಸ್ಡ್ ಕಾಲ್ ಕೊಟ್ಟರೆ "ಸಿಗ್ನಲ್‌ಗೆ ಬಾ" ಎಂದರ್ಥ. ರಾತ್ರಿ ಎಂಟೂವರೆಗೆ ಧಾರವಾಡದಿಂದ ಕೊಟ್ಟರೆ ಬೇಸಿಗೆಯಲ್ಲಿ ನನಗೆ ಸಂಜೆ ಐದು. ಅಕ್ಟೋಬರ್ 26ಕ್ಕೆ ಜರ್ಮನಿಯವರು ಗಡಿಯಾರ ಒಂದು ತಾಸು ಹಿಂದಕ್ಕೆ ತಿರುಗಿಸಿದರು. ಮರುದಿನ ನಾಲ್ಕಕ್ಕೇ ಮಿಸ್ಡ್ ಕಾಲ್ ಬಂತು, ನಾನಿನ್ನೂ ಮೊಮ್ಮಗನ ಕೂಡ ಮಲಗಿದ್ದೆ.

ಸಿಗ್ನಲ್‌ನಲ್ಲಿ ನಾನು ಮಾಡಿಕೊಂಡ ಎರಡು ಎಡವಟ್ಟು ಹೇಳಬೇಕು. ದುಡ್ಡಿನ ಮಾತು ಉಳಿಯುವುದು ಬೇಡ ಎಂದು ಯಜಮಾನರ ಜೊತೆಗಿನ ಮಾತುಕತೆಗೆ, ಒಂದು ವಾರಕ್ಕೆ ಸಂದೇಶ ತಾನಾಗಿ ಅಳಿಯುವ ಆಯ್ಕೆ ಹಾಕಿದ್ದೆ. ಅಲ್ಲೇ ಅತ್ತೆಯವರ ಗುಳಿಗೆ ಪಟ್ಟಿಯನ್ನೂ ಕಳಿಸಿದೆ: ಬೆಳಿಗ್ಗೆ ಬಿಪಿಯದು, ಊಟದ ಮುಂಚೆ ಸಕ್ಕರೆಯದು, ರಾತ್ರಿ ಅರ್ಧ ಬಿಳಿಯದು. ಎಂಟನೇ ದಿನ ಪಟ್ಟಿ ಮಾಯ. "ರಾತ್ರಿ ಅರ್ಧ ಬಿಳೇದೋ, ಬೆಳಿಗ್ಗೆ ಅರ್ಧ ಬಿಳೇದೋ?" ಎಂದು ಮೂರು ಮಿಸ್ಡ್ ಕಾಲ್ ಬಂದವು. ಈಗ ಅಡುಗೆಮನೆ ಕಪಾಟಿನ ಬಾಗಿಲಿಗೆ ಕಾಗದ ಅಂಟಿಸಿದ್ದೇನೆ. ಎರಡನೆಯದು ನೆನೆದರೆ ಹೊಟ್ಟೆ ಉರಿಯುತ್ತದೆ. ಸಂದೇಶಗಳು ಇರುವುದು ಫೋನಿನಲ್ಲಿ ಮಾತ್ರ. ನಾನು ಬ್ಯಾಕಪ್ ಇಡದೆ ಹಳೇ ಫೋನ್ ಅಳಿಸಿ ಕೊಟ್ಟುಬಿಟ್ಟೆ. ಮೊಮ್ಮಗ ಮೊದಲ ಸಲ "ಅಜ್ಜಿ" ಅಂದ ಧ್ವನಿ ಸಂದೇಶ ಅದರ ಜೊತೆಗೇ ಹೋಯಿತು. ಈಚೆಗೆ ಕ್ಲೌಡ್ ಬ್ಯಾಕಪ್ ಕೂಡ ಬಂದಿದೆ, ಹಾಕಿಕೊಂಡಿದ್ದೇನೆ.

2024ರಲ್ಲಿ ಬಂದ ಬಳಕೆದಾರ ಹೆಸರಿನ ಸೌಲಭ್ಯ ನನಗೆ ಬಹಳ ಉಪಯೋಗವಾಯಿತು. ಪಾರ್ಕಿನಲ್ಲಿ ರಾಣೆಬೆನ್ನೂರಿನ ಒಬ್ಬ ಹೆಣ್ಣುಮಗಳು ಭೇಟಿಯಾದಳು. ಫೋನ್ ನಂಬರ್ ಕೊಡದೆ ಹೆಸರು ಮತ್ತು ಕೊನೆಯ ಎರಡಂಕಿ ಹೇಳಿದರೆ ಸಾಕಾಯಿತು. ಈಗ ಆಕೆಯ ಕಡೆಯಿಂದ ದಿನಾ ರೊಟ್ಟಿಯ ಫೋಟೊ ಬರುತ್ತದೆ.

ಇಷ್ಟೆಲ್ಲ ಬೀಗ ಹಾಕಿದ್ದು ಏನಾಯಿತು ನೋಡಿ. ಕಳೆದ ನವೆಂಬರಿನಲ್ಲಿ ಮಗಳು ಎರಡನೇ ಸಲ ಬಸುರಿ ಎಂದು ಗೊತ್ತಾಯಿತು. ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು. ನಾನು ಕೋಣೆಯ ಬಾಗಿಲು ಹಾಕಿಕೊಂಡು, ಸಣ್ಣ ದನಿಯಲ್ಲಿ, ಸಿಗ್ನಲ್‌ನಲ್ಲೇ ಯಜಮಾನರಿಗೆ ಹೇಳಿದೆ. ಮರುದಿನ ಬೆಳಿಗ್ಗೆ ಅವರು ಹಾಲು ತರಲು ಹೋದರೆ ಎದುರು ಮನೆಯವರು, "ಏನ್ರೀ ಸರ, ಮತ್ತ ಅಜ್ಜ ಆಗಾಕತ್ತೀರಂತ!" ಅಂದರಂತೆ. ಅತ್ತೆಗೆ ಕಿವಿ ಮಂದ. ಅವರಿಗೂ ಕೇಳಲಿ ಎಂದು ಇವರು ಅಂಗಳದ ಕಟ್ಟೆಯ ಮೇಲೆ ಸ್ಪೀಕರ್ ಹಾಕಿ ಕೂತಿದ್ದರು.

ಆ್ಯಪ್‌ಗೆ ಐದಕ್ಕೆ ನಾಲ್ಕೂವರೆ, ಇ-ಸಿಮ್‌ಗೆ ನಾಲ್ಕು, ಮೊದಲ ಸಲದ ರೋಮಿಂಗ್ ಪ್ಯಾಕಿಗೆ ಒಂದೂವರೆ. ಮೇ ತಿಂಗಳಲ್ಲಿ ಮತ್ತೆ ಹೋಗುವುದಿದೆ. ಯಜಮಾನರಿಗೆ ಸುಭಾಸ ರೋಡಿನಲ್ಲಿ ₹900 ಕೊಟ್ಟು ಕೊರಳಿಗೆ ಹಾಕುವ ಇಯರ್‌ಫೋನ್ ತಂದುಕೊಟ್ಟೆ. ಅತ್ತೆ ಅದನ್ನು ಕಿವಿಗೆ ಇಟ್ಟುಕೊಳ್ಳಲು ಒಲ್ಲೆ ಅನ್ನುತ್ತಾರೆ, ಹಾಗಾಗಿ ಈಗ ಅಭ್ಯಾಸದ ಕರೆಗಳು ಮಾಳಿಗೆಯ ಮೇಲೆ ನಡೆದಿವೆ. ಎದುರು ಮನೆಯವರು ಅದೇ ಹೊತ್ತಿಗೆ ತಮ್ಮ ಮಾಳಿಗೆಯ ಗಿಡಗಳಿಗೆ ನೀರು ಹಾಕಲು ಶುರು ಮಾಡಿದ್ದಾರೆ.