5 ಪಟ್ಟು ದೊಡ್ಡದು ತೋರಿಸುವ ದಾಡಿ ಕನ್ನಡಿ: ಯಾರಿಗೆ ಬೇಕು, ಯಾರಿಗೆ ದಂಡ

ಮನೆಯಲ್ಲಿ ಚಾಳೀಸು ಬಂದವರು ಇದ್ದರೆ ಈ ಕನ್ನಡಿಯನ್ನು ಕಣ್ಣು ಮುಚ್ಚಿ ತಗೊಳ್ಳಬಹುದು. ವಯಸ್ಸಿನ ಹುಡುಗರಿಗೆ ಸುಮ್ನೆ ದಂಡ. ಕಲಬುರಗಿ ಸೂಪರ್ ಮಾರ್ಕೆಟ್‌ನ ಒಂದು ಫ್ಯಾನ್ಸಿ ಅಂಗಡಿಯಿಂದ 380 ರೂಪಾಯಿಗೆ ತಂದೆ. ಸ್ಟೀಲ್ ಸ್ಟ್ಯಾಂಡಿನ ಮೇಲೆ ತಿರುಗುವ ದುಂಡನೆಯ ಕನ್ನಡಿ, ಅಗಲ 15 ಸೆಂ.ಮೀ. ಒಂದು ಬದಿ ಸಪಾಟು, ಇನ್ನೊಂದು ಬದಿ ಚಮಚದ ಒಳಮೈ ಹಾಗೆ ಒಳಗೆ ಬಾಗಿದೆ. ಹತ್ತನೇ ಕ್ಲಾಸಿನಲ್ಲಿ ನಿಮ್ನ ದರ್ಪಣ ಅಂತ ಓದಿದ್ದೆವಲ್ಲ, ಅದೇ ಇದು. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 5ಎಕ್ಸ್ ಅಂತ ಬರೆದಿದ್ದಾರೆ.

"ಐದು ಪಟ್ ದೊಡ್ಡದ್ ಕಾಣ್ತದ ನೋಡ್ರಿ, ಒಂದೊಂದ್ ಕೂದಲಾ ಎಣಿಸಬಹುದು" ಅಂದರು ಅಂಗಡಿಯ ಕಾಕಾ. ಅದು ಅರ್ಧ ನಿಜ.

ಎಷ್ಟು ದೊಡ್ಡದು ಕಾಣುತ್ತದೆ ಅನ್ನೋದು ಕನ್ನಡಿಗಿಂತ ಜಾಸ್ತಿ ನೀವು ಎಷ್ಟು ದೂರ ನಿಂತಿದ್ದೀರಿ ಅನ್ನೋದರ ಮೇಲಿದೆ. ಒಳಗೆ ಬಾಗಿದ ಕನ್ನಡಿ ದೂರದಿಂದ ನೇರ ಬಂದ ಬೆಳಕನ್ನೆಲ್ಲ ಒಂದೇ ಕಡೆ ಕೂಡಿಸುತ್ತದೆ. ಕನ್ನಡಿಯಿಂದ ಆ ಜಾಗಕ್ಕೆ ಇರುವ ದೂರವೇ ಸಂಗಮದೂರ. ನಾನು ತಂದದ್ದರಲ್ಲಿ ಅದು ಹತ್ತಿರ ಹತ್ತಿರ 25 ಸೆಂ.ಮೀ. ಮುಖ ಅದಕ್ಕಿಂತ ಹತ್ತಿರ ಇದ್ದರೆ ಮಾತ್ರ ನೆಟ್ಟಗೆ, ದೊಡ್ಡದಾಗಿ ಕಾಣುತ್ತದೆ. 10 ಸೆಂ.ಮೀ. ದೂರದಲ್ಲಿ ಇಟ್ಟರೆ ಪ್ರತಿಬಿಂಬ ಮುಖದ 1.7 ಪಟ್ಟು ಅಷ್ಟೇ. 15ರಲ್ಲಿ ಎರಡೂವರೆ ಪಟ್ಟು, 20ಕ್ಕೆ ಬಂದರೆ ಡಬ್ಬದ ಮೇಲಿನ 5 ಪಟ್ಟು. 25 ದಾಟಿತೋ, ಮುಖ ಹರಡಿ ಮಬ್ಬಾಗಿ ಹೋಗುತ್ತದೆ. ಇನ್ನೂ ಹಿಂದೆ, 1 ಮೀಟರ್ ದೂರ ಹೋಗಿ ನಿಂತರೆ ನಿಮ್ಮ ಮುಖವೇ ತಲೆಕೆಳಗಾಗಿ ಮೂರರಲ್ಲಿ ಒಂದು ಪಾಲಿನಷ್ಟು ಚಿಕ್ಕದಾಗಿ ಕನ್ನಡಿಯ ಮುಂದೆ ಗಾಳಿಯಲ್ಲಿ ನಿಂತಿರುತ್ತದೆ, ಮನೆಯ ಮಕ್ಕಳಿಗೆ ಇದೊಂದೇ ಸಾಕು ದಿನವಿಡೀ ಆಟಕ್ಕೆ.

ಸರಿ, 20 ಸೆಂ.ಮೀ.ನಲ್ಲಿ ನಿಂತೆ. ಆದರೂ 5 ಪಟ್ಟು ದೊಡ್ಡದು ಅಂತ ನನಗೆ ಅನಿಸಲಿಲ್ಲ, ಯಾಕೆ? ಪ್ರತಿಬಿಂಬ 5 ಪಟ್ಟು ದೊಡ್ಡದು ಹೌದು, ಆದರೆ ಅದು ಕನ್ನಡಿಯ ಹಿಂದೆ 1 ಮೀಟರ್ ದೂರದಲ್ಲಿ ಇರುತ್ತದೆ. ಅಂದರೆ ನನ್ನ ಕಣ್ಣಿನಿಂದ 120 ಸೆಂ.ಮೀ. ಸಪಾಟು ಕನ್ನಡಿಯನ್ನು ಅದೇ 20 ಸೆಂ.ಮೀ. ದೂರದಲ್ಲಿ ಹಿಡಿದರೆ ಪ್ರತಿಬಿಂಬ ಬರೀ 40 ಸೆಂ.ಮೀ. ಆಚೆಗಿರುತ್ತದೆ. ದೊಡ್ಡದನ್ನು ಅಷ್ಟು ದೂರ ತಳ್ಳಿದ ಮೇಲೆ ಕಣ್ಣಿಗೆ ಅದು 1.7 ಪಟ್ಟು ಮಾತ್ರ ದೊಡ್ಡದಾಗಿ ಕಾಣುತ್ತದೆ. ಇಷ್ಟಕ್ಕೆ 380 ರೂಪಾಯಿ ಯಾಕೆ ಅಂತ ನಾನಂತೂ ಅದನ್ನು ಮೂಲೆಗೆ ಇಡುವವನಿದ್ದೆ.

ಅಪ್ಪ ಅದರ ಮುಂದೆ ದಾಡಿ ಮಾಡಿಕೊಂಡ ಮೇಲೆ ಲೆಕ್ಕ ಬೇರೆಯಾಯಿತು. ಅವರಿಗೆ ದೂರದ್ದು ಚೆನ್ನಾಗಿ ಕಾಣುತ್ತದೆ, ಹತ್ತಿರದ್ದಕ್ಕೆ ಕನ್ನಡಕ ಬೇಕು. ಕನ್ನಡಕ ಹಾಕಿಕೊಂಡು ದಾಡಿ ಮಾಡಿಕೊಳ್ಳೋದು ಹೇಗೆ? ಸೋಪಿನ ನೊರೆ, ಕಿವಿಯ ಪಕ್ಕ ಕಡ್ಡಿ ಅಡ್ಡ. ಸಪಾಟು ಕನ್ನಡಿಗೆ ಹತ್ತಿರ ಹೋದರೆ ಮಬ್ಬು, ಹಿಂದೆ ಸರಿದರೆ ಸ್ಪಷ್ಟ ಆದರೆ ಗದ್ದದ ಬಿಳಿ ಕೂದಲು ಎಲ್ಲಿ ಕಾಣಬೇಕು! ಅವರ ಕಣ್ಣಿಗೆ ಪ್ರತಿಬಿಂಬ 120 ಸೆಂ.ಮೀ. ಆಚೆ ಬೀಳಬೇಕೆಂದರೆ ಸಪಾಟು ಕನ್ನಡಿಯಿಂದ 60 ಸೆಂ.ಮೀ. ಹಿಂದೆ ನಿಲ್ಲಬೇಕು. ಬಾಗಿದ ಕನ್ನಡಿ ಅದೇ 120 ಸೆಂ.ಮೀ. ದೂರದಲ್ಲಿ 5 ಪಟ್ಟು ದೊಡ್ಡ ಮುಖ ತೋರಿಸುತ್ತದೆ. ಹಾಗಾಗಿ ಡಬ್ಬದ ಮೇಲಿನ ಮಾತು ಅಪ್ಪನ ಪಾಲಿಗೆ ಪೂರ್ತಿ ನಿಜ. "ಈಗ ಛಂದ ಕಾಣ್ಲತ್ತದ ನೋಡು" ಅಂದರು, ಕನ್ನಡಕ ಇಲ್ಲದೆ, ಮೂಗಿನ ಕೆಳಗಿನ ಆ ಒಂದು ಗೆರೆ ಸಮೇತ ನುಣ್ಣಗೆ ಮಾಡಿಕೊಂಡು.

ಮೈನಸ್ ನಂಬರ್ ಇದ್ದವರಿಗೆ ಮಾತ್ರ ಇದು ಉಲ್ಟಾ. ನನ್ನ ತಂಗಿಗೆ ಮೈನಸ್ 3, ಕನ್ನಡಕ ತೆಗೆದರೆ ಒಂದು ಅಡಿಯ ಆಚೆಗೆ ಎಲ್ಲ ಮಬ್ಬು. ಅವಳಿಗೆ 120 ಸೆಂ.ಮೀ. ಆಚೆಯ ಮುಖ ದೊಡ್ಡದಾಗಿದ್ದರೂ ಏನು ಬಂತು? ಕಾಡಿಗೆ ಹಚ್ಚಿಕೊಳ್ಳಲು ಅವಳು ಸಪಾಟು ಬದಿಯನ್ನೇ ತಿರುಗಿಸಿಕೊಳ್ಳುತ್ತಾಳೆ.

ಈಗ ಎಚ್ಚರಿಕೆಯ ಮಾತು, ಡಬ್ಬದ ಮೇಲೆ ಎಲ್ಲೂ ಬರೆದಿಲ್ಲ. ಕಿಟಕಿ ಹತ್ತಿರ ಇದನ್ನು ತೆರೆದಿಡಬೇಡಿ. ನಮ್ಮ ಬಿಸಿಲು ಎಂಥದ್ದು ಅಂತ ಗೊತ್ತಲ್ಲ, ಬೇಸಿಗೆಯಲ್ಲಿ 40 ಡಿಗ್ರಿ ದಾಟೋದು ನಮಗೆ ಸುದ್ದಿಯೇ ಅಲ್ಲ. 15 ಸೆಂ.ಮೀ. ಅಗಲಕ್ಕೆ ಬಿದ್ದ ಬಿಸಿಲನ್ನೆಲ್ಲ ಈ ಕನ್ನಡಿ ಎರಡು ಮೂರು ಮಿ.ಮೀ. ಚುಕ್ಕೆಯೊಳಗೆ ತುಂಬುತ್ತದೆ. ಮಾಳಿಗೆ ಮೇಲೆ ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟುಕೊಂಡು ಹಳೇ ಪೇಪರ್ ಹಿಡಿದು ನೋಡಿದೆ. ಕಪ್ಪು ಅಕ್ಷರ ಇದ್ದ ಕಡೆ ಮೊದಲು ಹೊಗೆ, ಆಮೇಲೆ ಕಂದು ಅಂಚಿನ ಸಣ್ಣ ತೂತು. ಕಿಟಕಿಯ ಪರದೆಗೆ ಇದೇ ಗತಿ ಆಗಬಹುದು. 2013ರಲ್ಲಿ ಲಂಡನ್ನಿನಲ್ಲಿ ಒಳಬಾಗಿದ ಗಾಜಿನ ಮುಖದ ಒಂದು ದೊಡ್ಡ ಕಟ್ಟಡ ಬಿಸಿಲು ಕೂಡಿಸಿ ಕೆಳಗೆ ನಿಂತಿದ್ದ ಕಾರಿನ ಭಾಗಗಳನ್ನೇ ಕರಗಿಸಿತ್ತು, ಅದೂ ಅಲ್ಲಿನ ಬಿಸಿಲಿಗೆ! ಕೆಲಸ ಮುಗಿದ ಮೇಲೆ ಬಾಗಿದ ಬದಿಯನ್ನು ಗೋಡೆ ಕಡೆ ತಿರುಗಿಸಿ ಇಲ್ಲವೇ ಬಟ್ಟೆ ಹೊದಿಸಿ.

ತಕರಾರು ಹೇಳಬೇಕೆಂದರೆ ಸ್ಟ್ಯಾಂಡಿನ ಸ್ಕ್ರೂ ಬೇಗ ಸಡಿಲ ಆಗುತ್ತದೆ, ಕನ್ನಡಿ ತಾನೇ ಬಾಗಿ ಎದೆ ತೋರಿಸಲು ಶುರು ಮಾಡುತ್ತದೆ. ಅಂಚಿನಲ್ಲಿ ಮುಖ ಸ್ವಲ್ಪ ಎಳೆದ ಹಾಗೆ ಕಾಣುತ್ತದೆ. ನಮ್ಮ ಬೋರಿನ ಸವಳು ನೀರಿನ ಕಲೆ ಒರೆಸದೇ ಬಿಟ್ಟರೆ ಕೂತುಬಿಡುತ್ತದೆ.

ಅದೇ ಅಂಗಡಿಯಲ್ಲಿ ಗಾಡಿ ಕನ್ನಡಿಗೆ ಅಂಟಿಸುವ ಉಬ್ಬಿದ ಸಣ್ಣ ಕನ್ನಡಿಯೂ ಇತ್ತು, 60 ರೂಪಾಯಿ. ಅದರಲ್ಲಿ ಎಲ್ಲವೂ ಯಾವಾಗಲೂ ನೆಟ್ಟಗೆ, ಚಿಕ್ಕದಾಗಿ ಕಾಣುತ್ತದೆ, ಆದರೆ ತುಂಬ ಅಗಲದ ನೋಟ ಸಿಗುತ್ತದೆ. ಜಗತ್ ಸರ್ಕಲ್‌ನಲ್ಲಿ ಪಕ್ಕದಿಂದ ನುಗ್ಗುವ ಆಟೋ ಮೊದಲೇ ಗೊತ್ತಾಗುತ್ತದೆ, ಕಂಡದ್ದಕ್ಕಿಂತ ಅದು ಹತ್ತಿರ ಇರುತ್ತದೆ ಅನ್ನೋದು ನೆನಪಿದ್ದರೆ ಸಾಕು.

ದಾಡಿ ಕನ್ನಡಿ ತಗೊಳ್ಳುವವರು 10ಎಕ್ಸ್ ಅಂತ ಬರೆದದ್ದಕ್ಕೆ ಮರುಳಾಗಬೇಡಿ. ಅದರ ಸಂಗಮದೂರ ಕಡಿಮೆ ಇದ್ದರೆ ಮೂಗು ತಾಗುವಷ್ಟು ಹತ್ತಿರ ಹೋಗಬೇಕು, ಆಮೇಲೆ ರೇಜರ್ ಹಿಡಿದ ಕೈಗೆ ಜಾಗ ಎಲ್ಲಿ? ಅಂಗಡಿಯಲ್ಲೇ ನೋಡಿಕೊಳ್ಳಿ: ಒಳಗೆ ನೆರಳಿನಲ್ಲಿ ನಿಂತು ಬಾಗಿದ ಬದಿಯನ್ನು ಬೀದಿ ಕಡೆ ಹಿಡಿಯಿರಿ, ಅದರ ಮುಂದೆ ಬಿಲ್ಲಿನ ಬಿಳಿ ಬೆನ್ನನ್ನು ಸ್ವಲ್ಪ ಓರೆಯಾಗಿ ಹಿಂದೆ ಮುಂದೆ ಸರಿಸಿ. ಒಂದು ಕಡೆ ಬೀದಿಯ ಆಟೋ, ಬಂಡಿ, ಜನ ಎಲ್ಲ ಬಣ್ಣ ಸಮೇತ ತಲೆಕೆಳಗಾಗಿ ಕಾಗದದ ಮೇಲೆ ಮೂಡುತ್ತಾರೆ. ಆ ಕಾಗದಕ್ಕೂ ಕನ್ನಡಿಗೂ ಒಂದು ಗೇಣಿಗಿಂತ ಕಡಿಮೆ ದೂರ ಇದ್ದರೆ ವಾಪಸ್ ಕೊಟ್ಟುಬಿಡಿ. ಲೈಟ್ ರಿಂಗ್ ಇರುವುದಕ್ಕೆ 900 ಹೇಳುತ್ತಾರೆ, ಬೇಡ. ನನ್ನ 380ರ ಕನ್ನಡಿಗೂ ಮೊದಲು 450 ಅಂದಿದ್ದರು, ಚೌಕಾಸಿ ಮಾಡಿ.