ಶಿರಸಿ ಮಳೆಯಲ್ಲಿ ಅಯಾನ್: ಸಾಫ್ಟ್‌ವೇರ್ ಸರಿ, ನಂಬರ್ ಕೊಡೋರು ಯಾರು?

ಅಯಾನ್ ಅಂದರೆ ನಾಸಾದ ಪ್ರಯೋಗಾಲಯ ಜೆಪಿಎಲ್‌ನವರು ಗ್ರಹಗಳ ನಡುವೆ ಡೇಟಾ ಸಾಗಿಸೋಕೆ ಬರೆದ ಸಾಫ್ಟ್‌ವೇರ್. ಪುಕ್ಕಟೆ, ಗಿಟ್‌ಹಬ್‌ನಲ್ಲಿ ಸಿಗುತ್ತದೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ಕಳೆದ ಅಂಕಕ್ಕೆ ಸಾಫ್ಟ್‌ವೇರ್ ಒಂದೇ ಕಾರಣ ಅಲ್ಲ.

ಮಾಮೂಲಿ ಇಂಟರ್ನೆಟ್‌ಗೆ ಕಳಿಸಿದ ಕೂಡಲೇ ಉತ್ತರ ಬೇಕು. ಚಂದ್ರನಿಗೆ ಸಿಗ್ನಲ್ ಹೋಗೋಕೆ ಸುಮಾರು 1.3 ಸೆಕೆಂಡು, ಪರವಾಗಿಲ್ಲ. ಮಂಗಳಕ್ಕೆ 3ರಿಂದ 22 ನಿಮಿಷ, ಅದೂ ಗ್ರಹ ತಿರುಗಿ ಮರೆಯಾದರೆ ಗಂಟೆಗಟ್ಟಲೆ ಏನೂ ಇಲ್ಲ. ಅಯಾನ್ ಡೇಟಾವನ್ನು ಬಂಡಲ್ ಮಾಡಿ, ದಾರಿ ತೆರೆಯುವವರೆಗೆ ತನ್ನ ಹತ್ತಿರವೇ ಇಟ್ಟುಕೊಂಡು, ಆಮೇಲೆ ಮುಂದೆ ದಾಟಿಸುತ್ತದೆ. ಬಾಹ್ಯಾಕಾಶ ನಿಲ್ದಾಣದಲ್ಲಿ ಈ ಪದ್ಧತಿ 2016ರಿಂದ ಬಳಕೆಯಲ್ಲಿದೆ.

ಇದನ್ನು ಪರೀಕ್ಷೆ ಮಾಡೋಕೆ ಶಿರಸಿ ಕಡೆಯ ಮಳೆಗಾಲಕ್ಕಿಂತ ಒಳ್ಳೆ ಜಾಗ ಬೇಕಾ? ಗಾಳಿ ಮಳೆಗೆ ಒಂದು ಕೊಂಬೆ ಬಿದ್ದರೆ ಸಾಕು, ಕರೆಂಟ್ ಹೋಯಿತು, ರೂಟರ್ ಸತ್ತಿತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ ಅಷ್ಟೆ. ಒಂದು ಹಳೆ ಲ್ಯಾಪ್‌ಟಾಪ್ ಮನೆಯಲ್ಲಿ, ಇನ್ನೊಂದು ತೋಟದ ಪಂಪ್‌ಹೌಸಿನಲ್ಲಿ, ಎರಡರಲ್ಲೂ ಲಿನಕ್ಸ್. ಬೆಳಿಗ್ಗೆ ಕಳಿಸಿದ ಫೈಲ್ ಸಂಜೆ ಸಂಪರ್ಕದ ಹೊತ್ತು ಬರುವವರೆಗೆ ಸುಮ್ನೆ ಕೂತಿತ್ತು, ಹೊತ್ತು ಬಂದ ಕೂಡಲೇ ಹೋಯಿತು. ಇದು ಖುಷಿ ಕೊಟ್ಟಿತು.

ಕಿರಿಕಿರಿಯೂ ಇದೆ. ಏನೇ ತಪ್ಪಾದರೂ ಹೆಚ್ಚಿನದನ್ನು 'ಅಯಾನ್.ಲಾಗ್' ಅನ್ನೋ ಫೈಲಿಗೆ ಬರೆದಿಟ್ಟು ಸುಮ್ಮನಾಗುತ್ತದೆ, ನಾವೇ ಹೋಗಿ ಓದಬೇಕು. ಬಂದ ಫೈಲಿನ ಹೆಸರು ಉಳಿಯುವುದಿಲ್ಲ, 'ಟೆಸ್ಟ್‌ಫೈಲ್1', 'ಟೆಸ್ಟ್‌ಫೈಲ್2' ಅಂತ ಅದೇ ಹೆಸರಿಡುತ್ತದೆ. ಬಂಡಲ್‌ಗೆ ಆಯಸ್ಸು ನಾವೇ ಹೇಳದಿದ್ದರೆ 300 ಸೆಕೆಂಡು, ನಮ್ಮೂರಿನ ಕರೆಂಟಿಗೆ ಅದು ಯಾವ ಮೂಲೆಗೆ? ಇನ್ನು ಯಾವ ನೋಡ್ (ಅಂದರೆ ಜಾಲದಲ್ಲಿರುವ ಒಂದೊಂದು ಯಂತ್ರ) ಯಾವ ಹೊತ್ತಿಗೆ ಯಾರಿಗೆ ಸಿಗುತ್ತದೆ ಅಂತ ಮೊದಲೇ ಬರೆದಿಡಬೇಕು. ಮಂಗಳ ಯಾವಾಗ ಕಾಣುತ್ತದೆ ಅಂತ ವರ್ಷ ಮುಂಚೆ ಲೆಕ್ಕ ಹಾಕಬಹುದು. ಲೈನ್‌ಮ್ಯಾನ್ ಯಾವಾಗ ಬರುತ್ತಾನೆ ಅಂತ ಹಾಕೋಕಾಗುತ್ತಾ?

ಈಗ ನಿಜವಾದ ತಕರಾರು. ಇಲ್ಲಿ ವಿಳಾಸ 'ಐಪಿಎನ್:1.1' ಅನ್ನೋ ಥರ ಇರುತ್ತದೆ, ಮೊದಲನೆಯದು ನೋಡ್ ನಂಬರ್. ನಾನು ಮನೆಗೆ 1, ಪಂಪ್‌ಹೌಸಿಗೆ 2 ಇಟ್ಟೆ, ಯಾರೂ ಕೇಳಲಿಲ್ಲ. ಪಕ್ಕದ ಮನೆಯವರೂ 1 ಇಟ್ಟರೆ? ಭೂಮಿಯ ಮೇಲೆ ಐಪಿ ವಿಳಾಸಕ್ಕೆ, ಅಂದರೆ ಮಾಮೂಲಿ ಇಂಟರ್ನೆಟ್‌ನಲ್ಲಿ ಯಂತ್ರಗಳಿಗೆ ಕೊಡುವ ನಂಬರಿಗೆ, ಒಂದು ಸರಪಳಿ ಇದೆ: ಮೇಲೆ ಇಡೀ ಜಗತ್ತಿನ ಪಟ್ಟಿ ಇಡುವ ಐಎಎನ್ಎ, ಅದರ ಕೆಳಗೆ ಐದು ಪ್ರಾದೇಶಿಕ ಸಂಸ್ಥೆಗಳು, ನಮ್ಮ ಭಾಗಕ್ಕೆ ಎಪಿನಿಕ್, ದೇಶದೊಳಗೆ ಐಆರ್‌ಐಎನ್ಎನ್. ಎಲ್ಲ ನೆಲ ನೋಡಿ ಹಂಚಿದ್ದು. ಚಂದ್ರ ಯಾರ ಪ್ರದೇಶಕ್ಕೆ ಸೇರಬೇಕು? ಯಾವ ದೇಶವೂ ಅದನ್ನು ತನ್ನದು ಅನ್ನುವ ಹಾಗಿಲ್ಲ ಅಂತ 1967ರ ಬಾಹ್ಯಾಕಾಶ ಒಪ್ಪಂದವೇ ಹೇಳುತ್ತದೆ.

ನೋಡ್ ನಂಬರಿನ ಪಟ್ಟಿಯೂ ಐಎಎನ್ಎ ಹತ್ತಿರವೇ ಇದೆ, ಅದರಲ್ಲಿ ಒಂದು ಭಾಗ ಬಾಹ್ಯಾಕಾಶ ಸಂಸ್ಥೆಗಳ ಒಕ್ಕೂಟ ಸಿಸಿಎಸ್‌ಡಿಎಸ್‌ಗೆ ಬಿಟ್ಟದ್ದು. ಇಸ್ರೋ ಅದರಲ್ಲಿ ವೀಕ್ಷಕ ಸಂಸ್ಥೆ. 2025ರಲ್ಲಿ ಬಂದ ಬದಲಾವಣೆಯಲ್ಲಿ ವಿಳಾಸಕ್ಕೆ ಮುಂದೆ ಇನ್ನೊಂದು ನಂಬರ್ ಸೇರಿಸಬಹುದು, ಅದು ಹಂಚುವ ಸಂಸ್ಥೆಯದು. ಅಂದರೆ ಆ ಸಂಸ್ಥೆ ತನ್ನ ನೋಡ್‌ಗಳಿಗೆ ತಾನೇ ನಂಬರ್ ಕೊಟ್ಟುಕೊಳ್ಳುತ್ತದೆ, ಇನ್ನೊಬ್ಬರ 1 ಜೊತೆ ಡಿಕ್ಕಿ ಇಲ್ಲ. ಬುದ್ಧಿವಂತ ಕೆಲಸ. ಆದರೆ ಇದು ಡಿಕ್ಕಿ ತಪ್ಪಿಸುತ್ತದೆಯೇ ಹೊರತು, ಜಗಳ ಆದರೆ ಯಾರ ಮಾತು ನಡೆಯಬೇಕು ಅನ್ನೋದನ್ನು ಹೇಳುವುದಿಲ್ಲ. ಇತ್ತ ಇಂಟರ್ನೆಟ್ಟಿನ ತಾಂತ್ರಿಕ ನಿಯಮ ಬರೆಯುವ ಐಇಟಿಎಫ್‌ನಲ್ಲಿ ಟಿಪ್‌ಟಾಪ್ ಅನ್ನೋ ಗುಂಪು ಚಂದ್ರ, ಮಂಗಳಕ್ಕೂ ಐಪಿಯನ್ನೇ ಒಯ್ಯುವ ದಾರಿ ನೋಡುತ್ತಿದೆ. ಹಾಗಾದರೆ ನನ್ನ ಮಟ್ಟಿಗೆ ಒಂದೊಂದು ಗ್ರಹಕ್ಕೂ ವಿಳಾಸಗಳ ಬೇರೆ ಬ್ಲಾಕ್ ಎತ್ತಿಡೋದು ಒಳ್ಳೆಯದು, ಕಂಪನಿಗಳು ಭೂಮಿಯ ವಿಳಾಸಗಳನ್ನೇ ಅಲ್ಲಿಗೂ ಹೊತ್ತುಕೊಂಡು ಹೋದರೆ, ಯಾವ ವಿಳಾಸಕ್ಕೆ ಯಾವ ದಾರಿ ಅನ್ನೋ ರೂಟಿಂಗ್ ಪಟ್ಟಿ ಕಲಸುಮೇಲೋಗರ ಆಗುತ್ತದೆ. ಹಂಚುವ ಕೆಲಸವನ್ನೂ ರಾಕೆಟ್ ಇರುವವರ ಕೈಗೇ ಪೂರ್ತಿ ಬಿಡಬಾರದು, ಅಲ್ವಾ?

ಕಾಲೇಜು ಪ್ರಾಜೆಕ್ಟ್ ಹುಡುಕುವವರು ಧೈರ್ಯವಾಗಿ ಹಾಕಿ ನೋಡಿ. ಎರಡೂ ಯಂತ್ರದ ಗಡಿಯಾರ ಮೊದಲು ಸರಿ ಮಾಡಿಕೊಳ್ಳಿ, ಹೊತ್ತಿನ ಲೆಕ್ಕವೆಲ್ಲ ಅದರ ಮೇಲೇ ನಿಂತಿದೆ.