ಗಿಫ್ಟ್ ಡೀಡ್‌ಗೆ ಸಹಿ ಮಾಡೂ ಮುಂಚೆ ಇದನ್ನ ಓದ್ರಿ

ಮನೆಯ ಹಿರಿಯರ ಹೆಸರಿನಲ್ಲಿ ಒಂದಿಷ್ಟು ಹೊಲ, ಒಂದು ಪ್ಯಾನ್ ಕಾರ್ಡು, ಒಂದು ಬ್ಯಾಂಕ್ ಖಾತೆ ಇದ್ದರೆ ಸಾಕು, ಅವರನ್ನು ಹುಡುಕಿಕೊಂಡು ಬರುವವರಿದ್ದಾರೆ. ಬರುವವರು ಹೊರಗಿನವರಲ್ಲ, ನೆಂಟರೇ. ಜೊತೆಗೆ ಒಬ್ಬ ಟ್ಯಾಕ್ಸ್ ಕನ್ಸಲ್ಟಂಟ್ ಇರುತ್ತಾನೆ. ನಮ್ಮ ಅಪ್ಪನಿಗೆ ಆದದ್ದು ಇನ್ನೊಬ್ಬರಿಗೆ ಆಗದಿರಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ಜಮಖಂಡಿ ತಾಲ್ಲೂಕು, ಕಬ್ಬು ಬೆಳೆಯುವ ಮನೆ. ದೊಡ್ಡಪ್ಪನ ಮಗ, ನನಗೆ ಅಣ್ಣ, ಬಾಗಲಕೋಟೆಯಲ್ಲಿ ಕಾಳುಕಡಿ ವ್ಯಾಪಾರಸ್ಥ. 2018ರಲ್ಲಿ ನವನಗರದಲ್ಲಿ ಮನೆ ಕಟ್ಟಿಸಲು ಹಿಡಿದ. ಬಿಲ್ಲಿಲ್ಲದ ವ್ಯಾಪಾರದ ರೊಕ್ಕ ಕೈಯಲ್ಲಿತ್ತು, ಲೆಕ್ಕದಲ್ಲಿರಲಿಲ್ಲ. ಕನ್ಸಲ್ಟಂಟ್ ದಾರಿ ತೋರಿಸಿದ: ಕಾಕಾ ಅಣ್ಣನ ಮಗನಿಗೆ ಎಷ್ಟು ಕೊಟ್ಟರೂ ತೆರಿಗೆ ಇಲ್ಲ. ರೈತನ ಆದಾಯಕ್ಕೂ ತೆರಿಗೆ ಇಲ್ಲ. ಎರಡನ್ನೂ ಕೂಡಿಸಿದರೆ ಕೆಲಸ ಮುಗಿಯಿತು.

“ಕಾಕಾ, ರೊಕ್ಕ ನಂದ ಐತಿ. ನಿಮ್ಮ ಖಾತೆದಾಗ ತುಂಬೂದು, ಅಲ್ಲಿಂದ ನನ್ನ ಖಾತೆಗೆ ಹಾಕೂದು. ಒಂದ ಸಹಿ ಅಷ್ಟ. ನಿಮಗೇನೂ ಆಗಂಗಿಲ್ಲ.”

ಅಪ್ಪ ಇಲ್ಲ ಅನ್ನಲಿಲ್ಲ. ದೊಡ್ಡಪ್ಪ ತೀರಿಕೊಂಡ ಮೇಲೆ ಆ ಹುಡುಗನನ್ನು ಓದಿಸಿದವರೇ ಅವರು. ಬಾಂಡ್ ಪೇಪರಿನ ಮೇಲೆ ‘ಪ್ರೀತಿ ವಿಶ್ವಾಸದಿಂದ’ 12 ಲಕ್ಷ ಕೊಟ್ಟಿದ್ದೇನೆ ಎಂದು ಗಿಫ್ಟ್ ಡೀಡ್ (ದಾನಪತ್ರ) ಬರೆಸಿದರು.

ಒಂದು ದಿನಕ್ಕೆ 50,000 ದಾಟಿದರೆ ಆಗ ಬ್ಯಾಂಕು ಪ್ಯಾನ್ ಕೇಳುತ್ತಿತ್ತೆಂದು 49,000ದ ಹಾಗೆ ತುಂಬುತ್ತ ಹೋದರು. ಇದು ಎಲ್ಲರೂ ಮಾಡುವ ಜಾಣತನ, ಉಪಯೋಗ ಮಾತ್ರ ಏನೂ ಇಲ್ಲ. ಉಳಿತಾಯ ಖಾತೆಗೆ ಒಂದು ಆರ್ಥಿಕ ವರ್ಷದಲ್ಲಿ ಒಟ್ಟು 10 ಲಕ್ಷ ನಗದು ಬಿದ್ದರೆ ಬ್ಯಾಂಕು ತಾನಾಗಿಯೇ ಇಲಾಖೆಗೆ ವರದಿ ಕಳಿಸಬೇಕು. ಅಲ್ಲಿ ನೋಡುವುದು ವರ್ಷದ ಒಟ್ಟು ಮೊತ್ತವನ್ನು.

ಅಣ್ಣನ ರಿಟರ್ನ್ ಪರಿಶೀಲನೆಗೆ ಆಯ್ಕೆಯಾಯಿತು. ಕೊಟ್ಟವರಿಗೆ ಅಷ್ಟು ರೊಕ್ಕ ಎಲ್ಲಿಂದ ಬಂತು ಎಂದು ಅಪ್ಪನಿಗೂ ಪತ್ರ ಬಂತು. ‘ಕಬ್ಬು ಮಾರಿ ಕೂಡಿಟ್ಟ ನಗದು’ ಎಂದು ಉತ್ತರ ಬರೆದವನು ಕನ್ಸಲ್ಟಂಟ್. ಅವನಿಗೆ ಕಬ್ಬಿನ ವ್ಯವಹಾರವೇ ಗೊತ್ತಿರಲಿಲ್ಲ ಅನ್ನಿಸುತ್ತದೆ. ನಮ್ಮ ಕಬ್ಬಿನ ಬಿಲ್ಲನ್ನು ಫ್ಯಾಕ್ಟರಿಯವರು ನೇರ ಖಾತೆಗೇ ಹಾಕುತ್ತಾರೆ. ಅದರಲ್ಲಿ ಬೆಳೆಸಾಲ ಮುರಿದುಕೊಂಡು ಉಳಿಯುವುದೆಷ್ಟು ಎಂಬುದು ಪಾಸ್‌ಬುಕ್ಕಿನಲ್ಲೇ ಇದೆ. ಆ ಪಾಸ್‌ಬುಕ್ಕಿನ ನಕಲನ್ನೇ ಉತ್ತರದ ಜೊತೆ ಲಗತ್ತಿಸಿದ್ದ!

ಕಾನೂನು ಕೇಳುವುದು ಮೂರು ಮಾತು: ಕೊಟ್ಟವರು ಯಾರು, ಕೊಡುವ ತಾಕತ್ತು ಅವರಿಗಿತ್ತೇ, ಕೊಟ್ಟದ್ದು ಖರೇನೇ. ಕಾಕಾ ಎಂಬ ಸಂಬಂಧ ಮೊದಲನೆಯದಕ್ಕಷ್ಟೇ ಉತ್ತರ. ‘ಬ್ಯಾಂಕಿನಿಂದಲೇ ಹೋಗಿದೆಯಲ್ಲ’ ಎಂಬ ಸಮಾಧಾನವೂ ನಿಲ್ಲುವುದಿಲ್ಲ. ವಿದೇಶದಿಂದ ಬ್ಯಾಂಕ್ ಮೂಲಕವೇ ಬಂದಿದ್ದ ಉಡುಗೊರೆಗಳನ್ನು 2007ರಲ್ಲಿ ಪಿ. ಮೋಹನಕಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ.

2021ರಲ್ಲಿ 12 ಲಕ್ಷವನ್ನೂ ಅಣ್ಣನ ವಿವರಣೆಯಿಲ್ಲದ ಆದಾಯ ಎಂದು ಬರೆದರು. ಇಂಥ ಆದಾಯಕ್ಕೆ ಆ ವರ್ಷದ ದರ 60, ಅದರ ಮೇಲೆ ಸರ್ಚಾರ್ಜು, ಸೆಸ್ಸು, ಒಟ್ಟು ನೂರಕ್ಕೆ 78. ಅಂದರೆ 9,36,000. ಬಡ್ಡಿ ಬೇರೆ, ದಂಡ ಬೇರೆ. ಅಣ್ಣ ಅಪೀಲು ಹಾಕಿದ. ಇದು ಅವನ ತಲೆನೋವು ಎಂದು ನಾವು ಸುಮ್ಮನಿದ್ದೆವು.

ಆಮೇಲೊಂದು ಹಂಗಾಮಿನಲ್ಲಿ ಕಬ್ಬಿನ ಬಿಲ್ಲು ಬಿಡಿಸಲು ಹೋದರೆ ಖಾತೆ ಬಂದ್. ಆದಾಯ ತೆರಿಗೆ ಬಾಕಿಗಾಗಿ ಜಪ್ತಿ ಆಗಿದೆ ಎಂದರು ಮ್ಯಾನೇಜರ್. ಬಾಕಿ ಅಪ್ಪನ ಹೆಸರಿನಲ್ಲೇ! ರಿಟರ್ನ್ ಹಾಕದವರ ಖಾತೆಯಲ್ಲಿ ಇಷ್ಟು ನಗದು ಏಕೆ ಎಂದು 2023ರ ಮಾರ್ಚ್‌ನಲ್ಲಿ ನೋಟಿಸ್ ಹೊರಟಿತ್ತು. ಉತ್ತರ ಬರಲಿಲ್ಲವೆಂದು 2024ರ ಮಾರ್ಚ್‌ನಲ್ಲಿ ಏಕಪಕ್ಷೀಯವಾಗಿ ಆದೇಶವೂ ಆಗಿಹೋಗಿತ್ತು. ನಮಗೆ ಒಂದು ಅಕ್ಷರವೂ ತಲುಪಿರಲಿಲ್ಲ. ಅಪ್ಪನ ಪ್ಯಾನ್‌ಗೆ ಆದಾಯ ತೆರಿಗೆಯ ಪೋರ್ಟಲ್‌ನಲ್ಲಿ ಲಾಗಿನ್ ಮಾಡಿದವನು ಕನ್ಸಲ್ಟಂಟ್, ಕೊಟ್ಟಿದ್ದ ಇಮೇಲ್ ಅವನದು, ಮೊಬೈಲ್ ನಂಬರೂ ಅವನದು. ಕೇಳಿದರೆ, “ನನಗ ದಿನಾ ನೂರಾರು ಮೇಲ್ ಬರ್ತಾವ್ರಿ ಯಜಮಾನ್ರ” ಅಂದ. ಈ ಮನುಷ್ಯ ಸಿಎ ಅಲ್ಲ ಎಂಬುದೂ ಆಗಲೇ ಗೊತ್ತಾಯಿತು.

ಕೊಟ್ಟದ್ದು ನಂಬುವಂತಿಲ್ಲ ಎಂದು ಅಣ್ಣನ ಮೇಲೆ, ನಗದು ಬಿದ್ದದ್ದು ನಿನ್ನ ಖಾತೆಗೆ ಎಂದು ಅಪ್ಪನ ಮೇಲೆ, ಒಂದೇ 12 ಲಕ್ಷಕ್ಕೆ ಎರಡು ಕಡೆ ತೆರಿಗೆ. ವರ್ಷಗಳ ಬಡ್ಡಿ ಸೇರಿ ಅಪ್ಪನ ಬಾಕಿ ಆ ಮೂಲ ಮೊತ್ತವನ್ನೇ ಮೀರಿತ್ತು.

‘ಖರೇ ಹೇಳಿಬಿಡಿ, ಅದು ಅಣ್ಣನ ರೊಕ್ಕ ಅಂತ’ ಎಂದು ಊರವರು ಹೇಳುತ್ತಾರೆ. ಹೇಳಲು ಸುಲಭ. 2017ರ ಏಪ್ರಿಲ್ 1ರಿಂದ ಒಬ್ಬರಿಂದ ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ, ಅದೂ ತೆಗೆದುಕೊಂಡವರ ಮೇಲೆ. ಅಣ್ಣನ ರೊಕ್ಕ ಎಂದು ಅಪ್ಪ ಒಪ್ಪಿದರೆ 12 ಲಕ್ಷದ ದಂಡ ಮೈಮೇಲೆ ಬರಬಹುದು. ಮೇಲಾಗಿ ಅಣ್ಣನ ಅಪೀಲು ನಿಂತಿರುವುದೇ ‘ಕಾಕಾ ಕೊಟ್ಟದ್ದು ಖರೇ’ ಎಂಬ ಮಾತಿನ ಮೇಲೆ. ಅಪ್ಪ ಉಳಿದರೆ ಅವನು ಮುಳುಗುತ್ತಾನೆ, ಅವನನ್ನು ಉಳಿಸಲು ಹೋದರೆ ಅಪ್ಪ ರೊಕ್ಕದ ಮೂಲ ತೋರಿಸಬೇಕು. ಹಬ್ಬಕ್ಕೆ ಈಗ ಆ ಮನೆಯಿಂದ ಈ ಮನೆಗೆ ಯಾರೂ ಬರುವುದಿಲ್ಲ.

ತೆರಿಗೆ ನಾನೇ ತುಂಬುತ್ತೇನೆ, ಕಾಕಾನ ಖಾತೆಗೆ ರೊಕ್ಕ ಹಾಕುತ್ತೇನೆ ಎಂದು ಅಣ್ಣ ಒಮ್ಮೆ ಹೇಳಿ ಕಳಿಸಿದ. ನಮ್ಮ ಹೊಸ ಸಿಎ ಅದನ್ನೂ ತಡೆದರು. ಕಾಯ್ದೆಯ ಪಟ್ಟಿಯಲ್ಲಿ ತಂದೆ-ತಾಯಿಯ ಅಣ್ಣತಮ್ಮ, ಅಕ್ಕತಂಗಿಯರು ‘ಸಂಬಂಧಿಕರು’. ಅಣ್ಣ-ತಮ್ಮನ ಮಗ ಆ ಪಟ್ಟಿಯಲ್ಲಿಲ್ಲ. ಕಾಕಾನಿಂದ ಅವನಿಗೆ ಹೋದರೆ ತೆರಿಗೆಯಿಲ್ಲ, ಅವನಿಂದ ಕಾಕಾಗೆ ಬಂದರೆ 50,000 ದಾಟಿದೊಡನೆ ಪೂರ್ತಿ ಮೊತ್ತ ಕಾಕಾನ ಆದಾಯ. ಕಾಕಾ-ದೊಡ್ಡಪ್ಪನ ಮಕ್ಕಳು ತಮ್ಮತಮ್ಮಲ್ಲಿ ಕೊಟ್ಟುಕೊಂಡರೂ ಇದೇ ಗತಿ. ‘ಆಯೇರಿ (ಮುಯ್ಯಿ) ಬಂದದ್ದು ಅಂತ ತೋರಿಸೋಣ’ ಎನ್ನುವವರೂ ಇದ್ದಾರೆ. ಆ ವಿನಾಯಿತಿ ಮದುವೆಯಲ್ಲಿ ಮದುಮಕ್ಕಳಿಗೆ ಬಂದದ್ದಕ್ಕೆ ಮಾತ್ರ, ಮನೆ ಶಾಂತಿಗೆ (ಗೃಹಪ್ರವೇಶಕ್ಕೆ) ಇಲ್ಲ.

ಆದೇಶ ಕೈಸೇರಿದ 30 ದಿನದೊಳಗೆ ಅಪೀಲು ಹಾಕಬೇಕು. ನಮ್ಮದು ತಡವಾದ್ದರಿಂದ ವಿಳಂಬ ಮನ್ನಿಸಿ ಎಂಬ ಅರ್ಜಿಯೊಂದಿಗೆ ಹಾಕಿದ್ದೇವೆ. ಅಪೀಲಿನ ಶುಲ್ಕ 1,000 ರೂಪಾಯಿಯಷ್ಟೇ. ಆದರೆ ವಸೂಲಿ ನಿಲ್ಲಿಸಲು ಆಗ ಸಾಮಾನ್ಯವಾಗಿ ಬಾಕಿಯ ನೂರಕ್ಕೆ 20 ತುಂಬಿಸಿಕೊಳ್ಳುತ್ತಿದ್ದರು. ಅದನ್ನು ಹೊಂದಿಸಲು ಅವ್ವನ ಬಂಗಾರ ಅಡವಿಟ್ಟೆವು. ವಿಚಾರಣೆ ಇನ್ನೂ ನಡೆದಿಲ್ಲ.

ನಿಜವಾಗಿಯೂ ಮಕ್ಕಳಿಗೆ, ಅಣ್ಣತಮ್ಮನ ಮಕ್ಕಳಿಗೆ ಕೊಡುವವರು ಧಾರಾಳವಾಗಿ ಕೊಡಲಿ. ಖಾತೆಯಲ್ಲಿ ಮೊದಲೇ ಇರುವ ರೊಕ್ಕವನ್ನು ಚೆಕ್ಕಿನಲ್ಲೋ ಆರ್‌ಟಿಜಿಎಸ್‌ನಲ್ಲೋ ಕೊಡಿ. ಉತಾರ (ಪಹಣಿ), ಫ್ಯಾಕ್ಟರಿಯ ಬಿಲ್ಲು, ಎಪಿಎಂಸಿ ಪಟ್ಟಿ ಜೋಪಾನವಾಗಿ ಇಟ್ಟುಕೊಳ್ಳಿ. ಇನ್ನೊಬ್ಬರ ನಗದು ಮಾತ್ರ ನಿಮ್ಮ ಖಾತೆ ಹಾಯ್ದು ಹೋಗಬಾರದು, ಕೇಳಿದವರು ಎಷ್ಟೇ ಹತ್ತಿರದವರಾಗಿರಲಿ. ಮನೆಯ ಹಿರಿಯರ ಪ್ಯಾನ್ ಹಾಕಿ ಇ-ಫೈಲಿಂಗ್ ಪೋರ್ಟಲ್ ತೆರೆದು ನೋಡಿ. ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಏನು ವರದಿಯಾಗಿದೆ, ಇ-ಪ್ರೊಸೀಡಿಂಗ್ಸ್‌ನಲ್ಲಿ ನೋಟಿಸ್ ಕೂತಿದೆಯೇ ಎಂಬುದು ಅಲ್ಲೇ ಕಾಣುತ್ತದೆ. ಅದಕ್ಕೂ ಮೊದಲು ಪ್ರೊಫೈಲ್‌ನಲ್ಲಿ ಯಾರ ಮೊಬೈಲ್ ನಂಬರ್ ಇದೆ ನೋಡಿ. ನಿಮ್ಮ ಮನೆಯದಲ್ಲದಿದ್ದರೆ ಅವತ್ತೇ ಬದಲಿಸಿ.